ಗಾಳಿಗೆ ಬೆನ್ನು ಕೊಟ್ಟು ಅಳೆದ ಮರಗಳು

ಆ ಬೆಳಿಗ್ಗೆ ಗಾಳಿ ಇರಲಿಲ್ಲ. ವರ್ಷವಿಡೀ ಬಿಡುವಿಲ್ಲದೆ ಬೀಸುವ ಆ ದಿಣ್ಣೆಯಲ್ಲಿ ಗಾಳಿ ನಿಂತಿತೆಂದರೆ, ಸದಾ ಮಾತಾಡುವ ಮನೆಯೊಡತಿ ಒಮ್ಮೆಲೇ ಸುಮ್ಮನಾದ ಹಾಗೆ. ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಂಜು ಇಳಿದು ಮರಗಳ ನಡುವೆ ಕದಲದೆ ಕೂತಿತ್ತು. ಎಲೆಯಿಂದ ಎಲೆಗೆ ಹನಿ ಜಾರುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ದಿಣ್ಣೆಯ ಕೆಳಗಿನ ಮನೆಯಲ್ಲಿ ಇಕ್ಕಳದಜ್ಜ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೇಲಿನ ಗುಂಡಿ ಕೆಳಗಿನ ತೂತಿಗೆ ಹೋಗಿ ಕೋಟು ಒಂದು ಕಡೆ ಏರಿತ್ತು. ಸೊಸೆ ಬಂದು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದಳು.

"ಮಾವ, ಇವತ್ತು ನೀವು ಬರಲೇಬೇಕಾ? ಚಳಿ ಹೇಗಿದೆ ನೋಡಿ. ಸಂಜೆ ಬಂದು ಎಲ್ಲಾ ನಾನೇ ಹೇಳ್ತೀನಿ."

"ಕೆಲಸದಿಂದ ಬಿಡಿಸಿದ್ದಾರೆ, ನಡೆಯೋದ್ರಿಂದ ಬಿಡಿಸಿಲ್ಲವಲ್ಲ ತಾಯಿ," ಅಂದರು ಅಜ್ಜ. "ಒಂದು ಕಲ್ಲಿನ ಮೇಲೆ ಕೂತು ನೋಡ್ತೀನಿ. ಕೂತ್ಕೊಳ್ಳೋಕೂ ಅಪ್ಪಣೆ ಚೀಟಿ ಬೇಕಾ?"

ಸೊಸೆ ನಕ್ಕಳು. ಆದರೆ ಅವಳಿಗೆ ನಗು ಪೂರ್ತಿ ಬರಲಿಲ್ಲ.

ದಿಣ್ಣೆಯ ಮೇಲಿದ್ದದ್ದು ಅಳತೆ ತೋಪು. ಕಡಿಯುವುದಕ್ಕಾಗಲಿ ಮಾರುವುದಕ್ಕಾಗಲಿ ಬೆಳೆಸಿದ್ದಲ್ಲ. ಮರವೊಂದು ವರ್ಷದಿಂದ ವರ್ಷಕ್ಕೆ ಎಷ್ಟು ದಪ್ಪವಾಗುತ್ತದೆ ಎಂದು ತಿಳಿಯುವುದಕ್ಕಾಗಿಯೇ ಅರಣ್ಯ ಕಚೇರಿಯವರು ಉಳಿಸಿಕೊಂಡಿದ್ದ ಮರಗಳು. ಪ್ರತಿ ವರ್ಷ ಒಂದೊಂದು ಮರವನ್ನೂ ಎದೆಮಟ್ಟದಲ್ಲಿ ಅಳೆದು ಬರೆದಿಡುವುದು ಇಕ್ಕಳದಜ್ಜನ ಕೆಲಸವಾಗಿತ್ತು. ಕೂದಲು ಕಪ್ಪಗಿದ್ದಾಗ ಶುರು ಮಾಡಿ, ಪೂರ್ತಿ ಬೆಳ್ಳಗಾಗುವವರೆಗೂ ಅದನ್ನೇ ಮಾಡಿದರು. ಅವರು ನಿವೃತ್ತರಾದ ಮೇಲೆ ಆ ಕೆಲಸ ಟೇಪಣ್ಣನಿಗೆ ಬಂತು. ಅಜ್ಜನ ಕೈಕೆಳಗೇ ಕಲಿತವನು, ಚುರುಕಿನ ಮನುಷ್ಯ. ಅಜ್ಜ ಮರ ಅಳೆಯುತ್ತಿದ್ದ ಹಳೆಯ ಇಕ್ಕಳವನ್ನು ಗೋಡೆಯ ಮೊಳೆಗೆ ನೇತುಹಾಕಿ ಉಕ್ಕಿನ ಟೇಪು ತರಿಸಿಕೊಂಡ. ಅವನು ಅಳೆದ ಮೊದಲ ಸಲವೇ ತೋಪಿನ ಮರಗಳೆಲ್ಲ ಒಟ್ಟಿಗೇ ಉಬ್ಬಿಹೋದವು. ಅಕ್ಕಿಕಾಳಿನ ಅಗಲದಷ್ಟು ದಪ್ಪವಾಗಬೇಕಾದ ಮರ ಹೆಬ್ಬೆರಳ ಅಗಲದಷ್ಟು ದಪ್ಪವಾಗಿತ್ತು.

ಮೇಲಿನ ಕಚೇರಿಯವರು ಕೇಳಿದ್ದು ಒಂದೇ ಮಾತು: ಇಬ್ಬರಲ್ಲಿ ಸುಳ್ಳು ಯಾರದು? ಇಕ್ಕಳದ್ದು ಸುಳ್ಳಾದರೆ ಅಷ್ಟು ವರ್ಷಗಳ ಅಳತೆಯೂ ಸುಳ್ಳು. ಆಮೇಲೆ ಆ ತೋಪು ಇಟ್ಟುಕೊಂಡು ಪ್ರಯೋಜನವಿಲ್ಲ. ಕಡಿದು ಹೊಸ ಸಸಿ ನೆಟ್ಟು ಮೊದಲಿಂದ ಶುರು ಮಾಡುವುದು. ಹೊಸ ತೋಪಿನ ಉಸ್ತುವಾರಿ ಟೇಪಣ್ಣನಿಗೆ ಎಂದು ಆಗಲೇ ಮಾತಾಗಿತ್ತು. ಎರಡು ಅಳತೆಗಳನ್ನೂ ಮರದ ಎದುರಿಗೇ ಹೋಲಿಸಿ ನೋಡುವುದಕ್ಕೆ ಪರೀಕ್ಷಕಿಯೊಬ್ಬರು ಅವತ್ತು ಬರುವವರಿದ್ದರು.

ಸೊಸೆಯೂ ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಉಗ್ರಾಣದ ಬೀಗ ತೆಗೆದು, ಸಾಮಾನು ಹೊರಗಿಡುವುದು ಅವಳ ಪಾಲಿಗೆ ಬಂದಿತ್ತು. ಎಣ್ಣೆ, ತುಕ್ಕು, ಒದ್ದೆ ಹಗ್ಗದ ವಾಸನೆಯ ಸಣ್ಣ ಕೋಣೆ. ಇಕ್ಕಳವನ್ನು ಮೊಳೆಯಿಂದ ಇಳಿಸಿ ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಉದ್ದನೆಯ ಮರದ ಪಟ್ಟಿ. ಅದರ ಒಂದು ತುದಿಗೆ ಅಡ್ಡಲಾಗಿ ಕದಲದ ಒಂದು ತೋಳು. ಪಟ್ಟಿಯ ಮೇಲೆ ಹಿಂದೆ ಮುಂದೆ ಜಾರುವ ಇನ್ನೊಂದು ತೋಳು. ಎರಡು ತೋಳುಗಳ ನಡುವೆ ಮರವನ್ನು ತಂದುಕೊಂಡರೆ, ಜಾರುವ ತೋಳು ಯಾವ ಗೆರೆಯ ಹತ್ತಿರ ನಿಲ್ಲುತ್ತದೋ ಅದೇ ಮರದ ಅಡ್ಡಳತೆ. ಗೆರೆಗಳ ಮೇಲೆ ಹಿತ್ತಾಳೆ ಪಟ್ಟಿ ಕೂರಿಸಿತ್ತು. ಹಿಡಿಯುವ ಜಾಗದಲ್ಲಿ ಮರ ನುಣುಪಾಗಿ ಸ್ವಲ್ಪ ತಗ್ಗಿತ್ತು. ಅಜ್ಜನ ಹಸ್ತ ಅಲ್ಲಿ ಎಷ್ಟು ಕಾಲ ಕೂತಿತ್ತೆಂಬುದನ್ನು ಆ ತಗ್ಗೇ ಹೇಳುತ್ತಿತ್ತು. ಅವಳು ಜಾರುವ ತೋಳನ್ನು ತಳ್ಳಿ ನೋಡಿದಳು. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು, ಬಿಟ್ಟಲ್ಲಿ ನಿಂತಿತು. ಇಂಥದ್ದು ಸುಳ್ಳು ಹೇಳುತ್ತದೆಯೇ ದೇವರೇ, ಅಂದುಕೊಂಡಳು.

"ಮುದ್ದು ಮಾಡಿದ್ದು ಸಾಕು, ಕೊಡಮ್ಮ," ಬಾಗಿಲಲ್ಲಿ ಟೇಪಣ್ಣ ನಿಂತಿದ್ದ. ಸೊಂಟದಲ್ಲಿ ಚರ್ಮದ ಚೀಲ, ಚೀಲದಿಂದ ಹೊರಗೆ ಇಳಿಬಿದ್ದ ಟೇಪು. "ಸಂಜೆ ಹೊತ್ತಿಗೆ ಒಲೆಗೆ ಹೋಗೋ ಸಾಮಾನು ಅದು."

"ಒಲೆಗೆ ಹಾಕೋ ಮುಂಚೆ ನಿಮ್ಮ ಟೇಪು ಒಣಗಿಸಿಕೊಳ್ಳಿ," ಅಂದಳು ಸೊಸೆ. "ಮಂಜಲ್ಲಿ ನೆಂದು ತೊಟ್ಟಿಕ್ಕುತ್ತಿದೆ."

"ಉಕ್ಕು ನೆಂದ್ರೆ ಹಿಗ್ಗಲ್ಲ ಕಣಮ್ಮ. ಹಿಗ್ಗೋದು ಮರ, ಮತ್ತೆ ಮನುಷ್ಯ."

ಹೊರಗೆ ಜೀಪು ಬಂದ ಸದ್ದಾಯಿತು.

ಪರೀಕ್ಷಕಿ ಸಣ್ಣ ಮೈಯ ಹೆಂಗಸು. ಮಾತು ಕಡಿಮೆ, ಕಣ್ಣು ಜಾಸ್ತಿ. ತೋಪಿನೊಳಗೆ ಕಾಲಿಟ್ಟವರೇ ಮೊದಲು ಸುಮ್ಮನೆ ನಿಂತು ತಲೆಯೆತ್ತಿ ನೋಡಿದರು. ಕಂಬಗಳ ಹಾಗೆ ನೇರ ಎದ್ದ ಮರಗಳು. ತುದಿಗಳು ಮಂಜಿನಲ್ಲಿ ಕಳೆದುಹೋಗಿದ್ದವು. ದೊಡ್ಡ ಪ್ರಾರ್ಥನಾ ಮಂದಿರದೊಳಗೆ ಹೊಕ್ಕವರು ದನಿ ತಗ್ಗಿಸುವಂತೆ ಅವರು ದನಿ ತಗ್ಗಿಸಿ ನಿಯಮ ಹೇಳಿದರು.

"ಮೂರು ಸಾಧನ ಇವೆ. ಇಕ್ಕಳ, ಟೇಪು, ಮತ್ತೆ ನನ್ನ ಹತ್ರ ಒಂದು ಕಣ್ಣಳತೆ ಕೋಲು. ನಾನು ಗುರುತು ಹಾಕಿದ ಮರಗಳನ್ನ ನಾನು, ಟೇಪಣ್ಣ, ಡ್ರೈವರು, ಮೂರು ಜನ ಮೂರರಲ್ಲೂ ಅಳೀತೀವಿ. ಒಬ್ಬೊಬ್ಬರು ಒಂದೇ ಸಲ. ಹಿಂದಕ್ಕೆ ಹೋಗಿ ಮತ್ತೆ ಅಳೆಯೋ ಹಾಗಿಲ್ಲ. ಬೇಕಾದ ಉತ್ತರ ಸಿಗೋವರೆಗೂ ಅಳೆಯೋದು ಅಳತೆ ಅಲ್ಲ, ಆಸೆ." ಸೊಸೆಯ ಕಡೆ ತಿರುಗಿದರು. "ನೀವು ಅಜ್ಜನ ಮನೆಯವರು. ಅದಕ್ಕೆ ಸಂಖ್ಯೆ ಮುಟ್ಟಬೇಡಿ. ಎದೆಮಟ್ಟದ ಕೋಲು ಹಿಡ್ಕೊಳ್ಳಿ, ಎಲ್ಲರೂ ಒಂದೇ ಎತ್ತರದಲ್ಲಿ ಅಳೆಯೋ ಹಾಗೆ. ಅಜ್ಜ..."

"ಅಜ್ಜ ಕಲ್ಲು," ಅಂದರು ಇಕ್ಕಳದಜ್ಜ, ಹತ್ತಿರದ ಬಂಡೆಯ ಮೇಲೆ ಕೂರುತ್ತ. "ಕಲ್ಲಿಗೆ ಬಾಯಿಲ್ಲ. ನೀವು ನಡೆಸಿ ಮೇಡಂ."

ಕಣ್ಣಳತೆ ಕೋಲಿನಿಂದ ಶುರುವಾಯಿತು. ಅದನ್ನು ಮರಕ್ಕೆ ಅಡ್ಡಲಾಗಿ ತಾಗಿಸಿ, ತೋಳು ನೀಡಿದಷ್ಟು ದೂರ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ಮರದ ಎಡ ಅಂಚಿನಿಂದ ಬಲ ಅಂಚಿಗೆ ಗೆರೆ ಓದಬೇಕು. ಜೀಪಿನ ಡ್ರೈವರು ಉದ್ದ ತೋಳಿನ ಆಸಾಮಿ. ಅವನ ಕೈಯಲ್ಲಿ ತೋಪಿನ ಮರಗಳೆಲ್ಲ ಹೊಟ್ಟೆ ಬಂದ ಹಾಗೆ ದಪ್ಪಗಾದವು.

"ನಿನಗೆ ಹೆಣ್ಣು ನೋಡೋಕೆ ಹೋಗುವಾಗ ಈ ಕೋಲು ಕೊಡಬಾರದು ಮಾರಾಯ," ಅಂದ ಟೇಪಣ್ಣ.

"ಹೆಣ್ಣಿನ ಕಡೆಯವರು ನನ್ನ ಸಂಬಳ ನೋಡೋವಾಗ ಈ ಕೋಲೇ ಕೊಡ್ಬೇಕು ಟೇಪಣ್ಣ. ಅದೂ ದಪ್ಪ ಕಾಣುತ್ತೆ."

ಪರೀಕ್ಷಕಿಯೂ ನಕ್ಕರು. "ತಪ್ಪು ಕೋಲಿಂದಲ್ಲ. ಇದನ್ನ ಮಾಡಿದವರು ಒಂದು ಸಾಧಾರಣ ತೋಳು ಅಂದ್ಕೊಂಡು ಗೆರೆ ಹಾಕಿದ್ದಾರೆ. ಕಾಡಲ್ಲಿ ಓಡ್ತಾ ಓಡ್ತಾ ಅಂದಾಜು ನೋಡೋಕೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆದ್ರೆ ಅಕ್ಕಿಕಾಳಿನಷ್ಟು ಬೆಳವಣಿಗೆ ಹಿಡಿಯೋದು ಇದರ ಕೆಲಸ ಅಲ್ಲ."

ಆಮೇಲೆ ಟೇಪು. ಟೇಪಣ್ಣ ಅದನ್ನು ಮರದ ಸುತ್ತ ತಂದು ಬಿಗಿಯುವುದನ್ನು ನೋಡುವುದೇ ಒಂದು ಸೊಗಸು. ಎಡಗೈಯಲ್ಲಿ ತುದಿಯನ್ನು ತೊಗಟೆಗೆ ಒತ್ತಿಹಿಡಿದು, ಬಲಗೈಯನ್ನು ಮರದ ಹಿಂದಿನಿಂದ ಬೀಸಿ ತರುತ್ತಿದ್ದ. ಒಂದು ಸಣ್ಣ ಜಗ್ಗು ಜಗ್ಗಿದರೆ ಟೇಪು ಎಲ್ಲೂ ಸೊಟ್ಟಗಾಗದೆ ಬಳೆಯ ಹಾಗೆ ಕೂರುತ್ತಿತ್ತು. ಟೇಪಿನ ಜಾಣತನವೇ ಬೇರೆ. ಅದು ಸುತ್ತುವುದು ಮರದ ಸುತ್ತ, ಹೇಳುವುದು ಮರದ ಅಡ್ಡಳತೆ. ಗೆರೆಗಳನ್ನೇ ಆ ಲೆಕ್ಕಕ್ಕೆ ತಕ್ಕ ಹಾಗೆ ಅಗಲಿಸಿ ಬರೆದಿರುತ್ತಾರೆ. ಟೇಪಣ್ಣ ಹೇಳಿದ ಸಂಖ್ಯೆಯೇ ಪರೀಕ್ಷಕಿಗೂ ಬಂತು, ಕೊನೆಗೆ ಡ್ರೈವರಿಗೂ ಬಂತು. ಮರದಿಂದ ಮರಕ್ಕೆ ಹಾಗೇ ಆಯಿತು. ಯಾರು ಹಿಡಿದರೂ ಒಂದೇ ಮಾತು.

ಬಂಡೆಯ ಮೇಲಿನಿಂದ ಇಕ್ಕಳದಜ್ಜ ತಲೆದೂಗಿದರು. ಸಂಗೀತ ಕೇಳುವವರು ತಲೆದೂಗುತ್ತಾರಲ್ಲ, ಹಾಗೆ. ಸೊಸೆ ಅದನ್ನು ನೋಡಿದಳು. ಸೋಲು ಹತ್ತಿರ ಬರುತ್ತಿರುವುದು ಗೊತ್ತಿದ್ದೂ ಎದುರಿನವನ ಕೈಚಳಕಕ್ಕೆ ತಲೆದೂಗುವುದು ಎಲ್ಲರಿಗೂ ದೇವರು ಕೊಡುವ ಗುಣವಲ್ಲ.

ಕೊನೆಗೆ ಇಕ್ಕಳದ ಸರದಿ. ಟೇಪಣ್ಣ ಮರದ ಈ ಕಡೆಯಿಂದ ಹಿಡಿದ, ಒಂದು ಸಂಖ್ಯೆ ಬಂತು. ಡ್ರೈವರು ಆ ಕಡೆಯಿಂದ ಹೋಗಿ ಹಿಡಿದ, ಬೇರೆ ಬಂತು. ಪರೀಕ್ಷಕಿ ಇನ್ನೊಂದು ಮೂಲೆಯಿಂದ ಹಿಡಿದರು, ಅದು ಮೂರನೆಯದಾಯಿತು. ಒಂದೇ ಮರ, ಒಂದೇ ಇಕ್ಕಳ, ಒಂದೇ ಎತ್ತರ. ಆದರೆ ಒಬ್ಬರ ಮಾತು ಒಬ್ಬರಿಗೆ ಹೊಂದಲಿಲ್ಲ. ಎರಡನೆಯ ಮರದಲ್ಲೂ ಅದೇ ಕತೆ.

"ನಾನು ಹೇಳಿರಲಿಲ್ವಾ ಮೇಡಂ?" ಅಂದ ಟೇಪಣ್ಣ. ಅವನ ದನಿಯಲ್ಲಿ ಗೆಲುವಿತ್ತು, ಆದರೆ ಅಜ್ಜ ಕೂತ ಕಡೆ ಅವನು ನೋಡಲಿಲ್ಲ. "ಇದು ಕೇಳಿದವರಿಗೆ ಕೇಳಿದ ಹಾಗೆ ಹೇಳೋ ಸಾಮಾನು. ಇದನ್ನ ನಂಬ್ಕೊಂಡು ಇಷ್ಟು ವರ್ಷ ಬರೆದಿದ್ದಾರೆ."

ಸೊಸೆ ಎದೆಮಟ್ಟದ ಕೋಲನ್ನು ನೆಲಕ್ಕೂರಿ ಸುತ್ತಲಿನ ಮರಗಳನ್ನು ನೋಡಿದಳು. ಈ ಮರಗಳ ನಡುವೆಯೇ ಅವಳು ಈ ಮನೆಗೆ ಬಂದ ಹೊಸತರಲ್ಲಿ ಅಜ್ಜ ಅವಳಿಗೆ ತೊಗಟೆ ಮುಟ್ಟಿ ಮರದ ವಯಸ್ಸು ಹೇಳುವುದನ್ನು ಕಲಿಸಿದ್ದರು. ಬರುವ ಬೇಸಿಗೆಯಲ್ಲಿ ಇಲ್ಲಿ ಬರೀ ಬುಡಗಳು.

ಪರೀಕ್ಷಕಿ ಟೀ ಕುಡಿಯೋಣ ಅಂದರು. ಡ್ರೈವರು ಫ್ಲಾಸ್ಕು ತಂದ. ಲೋಟ ಕೈಗೆ ಬಂದ ಮೇಲೆ ಅಜ್ಜ ಬಂಡೆಯಿಂದ ಎದ್ದರು, ಕಾಲಿನ ಜೋಮು ಬಿಡಿಸಲು ನಾಲ್ಕು ಹೆಜ್ಜೆ ಹಾಕಿದರು. ಹಾಗೆ ಹೋಗುವಾಗ ಒಂದು ಮರದ ಹತ್ತಿರ ನಿಂತು ಅಂಗೈಯಿಂದ ತೊಗಟೆ ಮುಟ್ಟಿದರು. ಮುಂದಿನ ಮರಕ್ಕೆ ಹೋದರು, ಮುಟ್ಟಿದರು. ನೇರವಾಗಿ ಎದುರಿಗೆ ಸಿಗುತ್ತಿದ್ದ ಇನ್ನೊಂದು ಮರವನ್ನು ಮಾತ್ರ ಬಳಸಿಕೊಂಡು ಆಚೆ ಹೋಗಿ, ಅಲ್ಲಿಂದ ಮುಟ್ಟಿದರು.

ಪರೀಕ್ಷಕಿ ಲೋಟ ಕೆಳಗಿಟ್ಟರು.

"ಯಜಮಾನ್ರೇ, ಆ ಮರ ಈ ಕಡೆಯಿಂದಲೇ ಕೈಗೆ ಸಿಗ್ತಿತ್ತಲ್ಲ. ಯಾಕೆ ಸುತ್ತಿ ಹೋದ್ರಿ?"

ಅಜ್ಜ ತಮ್ಮ ಕಾಲುಗಳನ್ನೇ ನೋಡಿಕೊಂಡರು, ಅವು ತಮಗೆ ಹೇಳದೆ ಎಲ್ಲೋ ಹೋಗಿದ್ದವು ಎನ್ನುವ ಹಾಗೆ. "ನಾನು ಯಾವಾಗ್ಲೂ ಆ ಕಡೆಯಿಂದಲೇ ಹೋಗೋದು."

"ಪ್ರತಿ ಮರಕ್ಕೂ?"

"ಪ್ರತಿ ಮರಕ್ಕೂ. ಗಾಳಿಗೆ ಬೆನ್ನು ಕೊಡ್ಬೇಕಲ್ಲ ಮೇಡಂ. ಇಲ್ಲಿ ಗಾಳಿ ಬರೋದು ಅಲ್ಲಿಂದ." ದಿಣ್ಣೆಯ ಅಂಚಿನ ಕೊರಕಲಿನ ಕಡೆ ಕೈ ತೋರಿಸಿದರು. "ಗಾಳಿಗೆ ಮುಖ ಕೊಟ್ರೆ ಕಣ್ಣಲ್ಲಿ ನೀರು ಬರುತ್ತೆ. ನೀರು ಬಂದ್ರೆ ಗೆರೆ ಎರಡೆರಡು ಕಾಣುತ್ತೆ. ಅದಕ್ಕೆ ಬೆನ್ನು ಕೊಟ್ಟೇ ನಿಲ್ತಿದ್ದೆ. ಇವತ್ತು ಗಾಳಿ ಇಲ್ಲ, ಆದ್ರೂ ಕಾಲು ಹೋಯ್ತು ನೋಡಿ."

ಪರೀಕ್ಷಕಿ ಎದ್ದು ಆ ಮರದ ಹತ್ತಿರ ಹೋದರು. ಕೊರಕಲಿನ ಕಡೆಯಿಂದ ನೋಡಿದರು, ಪಕ್ಕದಿಂದ ನೋಡಿದರು, ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರು. ಆಮೇಲೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿಬಿಟ್ಟರು.

"ಇದು ದುಂಡಗಿಲ್ಲ! ಮೊಟ್ಟೆ ಥರ ಇದೆ. ಹುಟ್ಟಿದಾಗಿಂದ ಒಂದೇ ಕಡೆಯಿಂದ ಗಾಳಿ ತಳ್ಳಿದ್ರೆ ಮರ ಬೀಳಬಾರದು ಅಂತ ಗಾಳಿಯ ದಿಕ್ಕಿಗೇ ದಪ್ಪ ಆಗುತ್ತೆ. ಒಂದು ಕಡೆಯಿಂದ ಹಿಡಿದ್ರೆ ತೆಳ್ಳಗೆ, ಇನ್ನೊಂದು ಕಡೆಯಿಂದ ಹಿಡಿದ್ರೆ ದಪ್ಪ. ನಾವು ಮೂರು ಜನ ಮೂರು ದಿಕ್ಕಿಗೆ ನಿಂತ್ವಿ. ಇಕ್ಕಳ ಏನು ಮಾಡುತ್ತೆ ಪಾಪ? ಯಾವ ಕಡೆ ನಿಂತು ಕೇಳಿದ್ವೋ ಆ ಕಡೆಯ ನಿಜ ಹೇಳ್ತು."

"ಹಾಗಾದ್ರೆ ಟೇಪು?" ಡ್ರೈವರು ಕೇಳಿದ.

"ಟೇಪಿಗೆ ದಿಕ್ಕಿಲ್ಲ. ಸುತ್ತಿಬಿಡುತ್ತೆ." ಅವರು ಅಜ್ಜನ ಕಡೆ ತಿರುಗಿದರು. ಅವರ ದನಿ ಮತ್ತೆ ತಗ್ಗಿತ್ತು. "ಯಜಮಾನ್ರೇ, ನೀವು ಪ್ರತಿ ವರ್ಷ ಒಂದೇ ಕಡೆ ನಿಂತಿದ್ರೆ, ಮರದ ಒಂದೇ ಅಗಲವನ್ನ ಇಷ್ಟು ವರ್ಷ ನೋಡ್ಕೊಂಡು ಬಂದಿದ್ದೀರಿ. ಅದರ ಬೆಲೆ ಎಷ್ಟು ಅಂತ ನನಗೆ ಗೊತ್ತು. ಆದ್ರೆ ಮೇಲಿನವರಿಗೆ ತೋರಿಸಬೇಕು. ಈಗ ನೀವೇ ಅಳೀಬೇಕು. ನಿಮ್ಮ ಕೊನೇ ಅಳತೆ ನನ್ನ ಹತ್ರ ಇದೆ. ಅದಕ್ಕಿಂತ ಪ್ರತಿ ಮರವೂ ಒಂದಿಷ್ಟೇ ದಪ್ಪ ಆಗಿದ್ರೆ ಇಕ್ಕಳ ಸರಿ, ತೋಪು ಉಳೀತು. ಒಂದು ಮರ ಹಳೇ ಅಳತೆಗಿಂತ ಕಡಿಮೆ ಬಂದ್ರೂ ಮೇಲಿನವರು ಒಪ್ಪಲ್ಲ. ಮರ ಬಡವಾಗುತ್ತಾ ಅಂತಾರೆ."

"ಓದೋಕೆ ನನ್ನ ಕಣ್ಣು ಸಾಲಲ್ಲ ಮೇಡಂ."

"ಟೇಪಣ್ಣ ಓದ್ಲಿ. ಇಕ್ಕಳವನ್ನ ನಂಬದವರು ಓದಿದ್ರೆ ಎಲ್ಲರೂ ನಂಬ್ತಾರೆ."

ಟೇಪಣ್ಣ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ.

ಇಕ್ಕಳದಜ್ಜ ಇಕ್ಕಳ ಹಿಡಿದರು. ಬೆಳಿಗ್ಗೆ ಗುಂಡಿ ತಪ್ಪಿಸಿದ ಬೆರಳುಗಳು ಈಗ ತಪ್ಪಲಿಲ್ಲ. ಮೊದಲ ಮರದ ಮುಂದೆ ಕೊರಕಲಿಗೆ ಬೆನ್ನು ಮಾಡಿ ನಿಂತು, ಅಂಗೈಯಿಂದ ತೊಗಟೆ ಮುಟ್ಟಿ, "ಅಪ್ಪಣೆಯೇನಪ್ಪಾ?" ಅಂದರು ಮೆಲ್ಲಗೆ. ಅವರು ಹಾಗೆ ಕೇಳುವುದು ಮರವನ್ನೋ, ಮರವನ್ನು ಮಾಡಿದವನನ್ನೋ, ಸೊಸೆಗೆ ಎಂದೂ ತಿಳಿದಿರಲಿಲ್ಲ, ಕೇಳಿಯೂ ಇರಲಿಲ್ಲ. ಪಟ್ಟಿಯನ್ನು ಮರಕ್ಕೆ ತಾಗಿಸಿ, ಜಾರುವ ತೋಳನ್ನು ತಂದು, ತೊಗಟೆಗೆ ಮುಟ್ಟಿದ ಕ್ಷಣಕ್ಕೆ ನಿಲ್ಲಿಸಿದರು. ಒತ್ತಲಿಲ್ಲ. ಒತ್ತಿದರೆ ತೊಗಟೆ ತಗ್ಗುತ್ತದೆ, ತೋಳು ವಾಲುತ್ತದೆ. ಮಲಗಿದ ಮಗುವಿನ ಹಣೆಗೆ ಜ್ವರ ನೋಡುವ ಕೈ ಹೇಗೆ ತಾಗುತ್ತದೋ ಅಷ್ಟೇ.

ಟೇಪಣ್ಣ ಬಗ್ಗಿ ಓದಿದ. ಪರೀಕ್ಷಕಿ ಬರೆದುಕೊಂಡರು, ತಮ್ಮ ಹಾಳೆಯ ಕಡೆ ಒಮ್ಮೆ ನೋಡಿದರು. ಅವರ ಹುಬ್ಬು ಸಡಿಲಾದದ್ದು ಎಲ್ಲರಿಗೂ ಕಂಡಿತು. ಎರಡನೆಯ ಮರ. ಮೂರನೆಯದು. ಪ್ರತಿಯೊಂದಕ್ಕೂ ಅಂಗೈ, ಅಪ್ಪಣೆ, ತಾಗಿದ್ದೂ ತಾಗದ ಹಾಗೆ ತಾಗುವ ತೋಳು. ಪರೀಕ್ಷಕಿಯ ಮುಖ ಅರಳುತ್ತ ಹೋದ ಹಾಗೆ ಟೇಪಣ್ಣನ ಮುಖ ಕಲ್ಲಾಗುತ್ತ ಹೋಯಿತು. ಅವನ ತಲೆಯೊಳಗಿನ ಲೆಕ್ಕ ಸರಳ: ಇಕ್ಕಳ ನಿಜವಾದರೆ ಮರಗಳನ್ನು ಉಬ್ಬಿಸಿದ ಸುಳ್ಳುಗಾರ ತಾನೇ.

ಕೊನೆಯದು ತೋಪಿನ ಎಲ್ಲಕ್ಕಿಂತ ದಪ್ಪ ಮರ. ಅಜ್ಜನ ಉಸಿರು ಏರಿತ್ತು. ಆದರೂ ಕೈ ಏರಿಳಿಯಲಿಲ್ಲ. ತೋಳು ತಾಗಿತು. ಟೇಪಣ್ಣ ಬಗ್ಗಿದ. ಓದಲಿಲ್ಲ.

"ಎಷ್ಟು?" ಪರೀಕ್ಷಕಿ ಕೇಳಿದರು.

"ಅರವತ್ತೊಂದು... ಪಾಯಿಂಟು ಎರಡು."

ಅಜ್ಜ ತೋಳಿನ ಪಕ್ಕದ ಹಿತ್ತಾಳೆ ತಿರುಪನ್ನು ಬಿಗಿ ಮಾಡಿದರು. ದಿನದ ಕೊನೆಯ ಮರವಾದ ಮೇಲೆ ಹಾಗೆ ಮಾಡುವುದು ಅವರ ರೂಢಿ. ಇಳಿಜಾರಲ್ಲಿ ನಡೆಯುವಾಗ ತೋಳು ಜಾರಿ ಬಿದ್ದು ಮುರಿಯಬಾರದೆಂದು. ಇಕ್ಕಳವನ್ನು ಮರದಿಂದ ಹಿಂದಕ್ಕೆಳೆದು ಟೇಪಣ್ಣನ ಕೈಗೆ ಕೊಟ್ಟು, ಸೊಸೆಯ ಭುಜ ಹಿಡಿದು ನಿಂತರು.

ಪರೀಕ್ಷಕಿ ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಹರಡಿಕೊಂಡು ಲೆಕ್ಕ ಹಾಕಿದರು. ಮಂಜು ಕರಗಿ, ಮರಗಳ ತುದಿ ಒಂದೊಂದಾಗಿ ಕಾಣಿಸಿಕೊಳ್ಳುತ್ತಿತ್ತು. ಬಹಳ ಹೊತ್ತಾದ ಮೇಲೆ ತಲೆಯೆತ್ತಿದರು.

"ಮಿಕ್ಕ ಮರಗಳೆಲ್ಲ ಅಚ್ಚು ಹೊಡೆದ ಹಾಗೆ ಬಂದಿವೆ," ಅಂದರು. "ನಾನು ಇಂಥ ಕೈ ಎಲ್ಲೂ ನೋಡಿಲ್ಲ. ಆದ್ರೆ ಆ ದೊಡ್ಡ ಮರ. ನಿಮ್ಮ ಕೊನೇ ಅಳತೆಯಲ್ಲಿ ಅರವತ್ತೊಂದು ಪಾಯಿಂಟು ನಾಲ್ಕು ಸೆಂಟಿಮೀಟರು ಇತ್ತು. ಈಗ ಎರಡು. ಬಡವಾಗಿದೆ." ಪೆನ್ಸಿಲನ್ನು ಹಾಳೆಯ ಮೇಲಿಟ್ಟರು. "ನನಗೆ ತುಂಬಾ ಬೇಜಾರು. ಮತ್ತೆ ಅಳೆಯೋ ಹಾಗಿಲ್ಲ ಅಂತ ನಾನೇ ಹೇಳಿದ್ದೆ. ಈಗ ನಿಮಗೋಸ್ಕರ ಮುರಿದ್ರೆ ಉಳಿದ ಅಳತೆಗಳಿಗೂ ಬೆಲೆ ಇರಲ್ಲ."

"ಮುರೀಬೇಡಿ," ಅಂದರು ಅಜ್ಜ. ಅವರ ಮುಖ ಒಂದು ಗಳಿಗೆ ತೀರಾ ಮುದಿಯಾಯಿತು, ಆಮೇಲೆ ಎಂದಿನ ಹಾಗಾಯಿತು. "ಕೊನೇದರಲ್ಲಿ ನನಗೆ ಸುಸ್ತಾಗಿತ್ತು. ಕೈ ಒತ್ತಿರ್ಬೇಕು."

ಡ್ರೈವರಿಗೆ ತಡೆಯಲಾಗಲಿಲ್ಲ. "ಓದಿದ್ದರಲ್ಲಿ ಹೆಚ್ಚುಕಡಿಮೆ ಆಗಿರಬಾರದಾ ಅಜ್ಜ?"

"ಇಲ್ಲಪ್ಪ. ಓದೋದನ್ನ ಅವನಿಗೆ ಕಲಿಸಿದ್ದು ನಾನೇ. ಅವನ ಕಣ್ಣು ನನ್ನ ಕಣ್ಣಿಗಿಂತ ಗಟ್ಟಿ. ತಪ್ಪಿದ್ರೆ ನನ್ನ ಕೈಯೇ." ಇಷ್ಟು ಹೇಳಿ ಅವರು ನಿಧಾನವಾಗಿ ಮರಗಳ ಕಡೆ ನಡೆದರು. ಒಂದೊಂದನ್ನೂ ಮುಟ್ಟುತ್ತ ಹೋದರು. ಈ ಸಲ ಅಪ್ಪಣೆ ಕೇಳಲಿಲ್ಲ.

ಸೊಸೆ ಅವರ ಹಿಂದೆ ಹೋಗಲಿಲ್ಲ. ಅವಳ ಕಣ್ಣು ಟೇಪಣ್ಣನ ಮೇಲಿತ್ತು. ಅವನು ಜೀಪಿನ ಹಿಂದೆ ಇಕ್ಕಳವನ್ನು ಎದೆಗೆ ಅಡ್ಡಲಾಗಿ ಹಿಡಿದು ನಿಂತಿದ್ದ. ಅವನ ಹೆಬ್ಬೆರಳು ಹಿತ್ತಾಳೆ ತಿರುಪಿನ ಮೇಲಿತ್ತು. ಅದರ ತಲೆಯನ್ನು ಸವರುತ್ತಿತ್ತು. ಆಗ ಅವಳಿಗೆ ಹೊಳೆಯಿತು. ದೊಡ್ಡ ಮರದ ಅಗಲ ಇನ್ನೂ ಆ ಇಕ್ಕಳದಲ್ಲೇ ಇದೆ. ಅಜ್ಜ ತಿರುಪು ಬಿಗಿ ಮಾಡಿದ್ದಾರೆ. ಇವನು ಓದಿದ್ದು ನಿಜವಾಗಿದ್ದರೆ ಹೆಬ್ಬೆರಳು ಯಾಕೆ ಹೀಗೆ ಆಡಬೇಕು? ಒಂದೇ ಒಂದು ಸುತ್ತು ತಿರುಗಿಸಿದರೆ ತೋಳು ಸಡಿಲವಾಗುತ್ತದೆ, ಆಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕೂಗಿ ಹೇಳಬಹುದಿತ್ತು. ಆದರೆ ಅವಳು ಮನೆಯವಳು, ಸಂಖ್ಯೆ ಮುಟ್ಟಬಾರದವಳು. ತೋಪಿಗಾಗಿ ಅರಚಿದಳು ಅಂದಾರು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಆ ಹೆಬ್ಬೆರಳನ್ನು ನೋಡಿ ಸಿಟ್ಟು ಬರಲಿಲ್ಲ. ಕೊರಕಲಿನ ಅಂಚಿನಲ್ಲಿ ನಿಂತವನನ್ನು ನೋಡಿದ ಹಾಗಾಯಿತು. ಕಣ್ಣು ಮುಚ್ಚಿದಳು. ಮರಗಳನ್ನು ಉಳಿಸು ಎಂದು ಕೇಳಬೇಕೆಂದಿದ್ದವಳ ಬಾಯಿಗೆ, ಇವನನ್ನು ಕಾಪಾಡು ತಂದೆ, ಎಂಬ ಮಾತು ಬಂತು.

ಕಣ್ಣು ತೆರೆದಾಗ ಟೇಪಣ್ಣ ಅಲ್ಲಿರಲಿಲ್ಲ. ಪರೀಕ್ಷಕಿಯ ಪಕ್ಕ ನಿಂತಿದ್ದ. ಅಜ್ಜನಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ.

"ಮೇಡಂ, ಇದನ್ನ ಒಂದು ಸಲ ನೋಡಿ. ಮತ್ತೆ ಅಳೆದಿದ್ದಲ್ಲ. ಅಜ್ಜ ಆಗ ಹಿಡಿದಿದ್ದೇ. ತಿರುಪು ಬಿಚ್ಚಿಲ್ಲ."

ಪರೀಕ್ಷಕಿ ಅವನ ಮುಖ ನೋಡಿದರು, ಆಮೇಲೆ ಇಕ್ಕಳ ನೋಡಿದರು. ಹಿತ್ತಾಳೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಗ್ಗಿ ಓದಿದರು. ಒಮ್ಮೆ ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದರು.

"ಅರವತ್ತೊಂದು ಪಾಯಿಂಟು ಎಂಟು."

"ಹೂಂ. ಆರು ಮಿಲಿಮೀಟರು ನನ್ನ ಹತ್ರ ಉಳ್ಕೊಂಡಿತ್ತು." ಅವನ ಕಣ್ಣು ನೆಲದ ಮೇಲಿತ್ತು. "ಎಂಟು ಅಂತ ಕಾಣ್ತು. ಬಾಯಿ ಎರಡು ಅಂತು. ಇಕ್ಕಳ ನಿಜ ಆದ್ರೆ ನನ್ನ ಟೇಪು ಸುಳ್ಳಾಗುತ್ತಲ್ಲ ಅಂತ..."

"ನಿಮ್ಮ ಟೇಪು ಸುಳ್ಳು ಅಂತ ಯಾರು ಹೇಳಿದ್ರು?" ಪರೀಕ್ಷಕಿಯ ದನಿಯಲ್ಲಿ ಗದರಿಕೆ ಇರಲಿಲ್ಲ. "ಅವರು ಮರದ ತೆಳ್ಳನೆಯ ಕಡೆ ನೋಡಿದ್ರು. ನೀವು ಸುತ್ತಲೂ ನೋಡಿದ್ರಿ. ಮರ ಒಂದೇ. ಇವತ್ತು ಎರಡನ್ನೂ ಒಟ್ಟಿಗೆ ಅಳೆದಿದ್ದೀವಿ, ಇದೇ ಸೇತುವೆ. ಹಳೇ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಈಗ ದಾರಿ ಆಯ್ತು. ಮುಂದೆಯೂ ನೀವೇ ಅಳೀರಿ, ಟೇಪಿನಲ್ಲೇ. ಇದೇ ತೋಪಿನಲ್ಲಿ."

ಅವರು ಪೆನ್ಸಿಲಿನಿಂದ ಎರಡನ್ನು ಹೊಡೆದುಹಾಕಿ ಪಕ್ಕದಲ್ಲಿ ಎಂಟು ಬರೆದರು.

ಅಷ್ಟರಲ್ಲಿ ಕೊರಕಲಿನ ಕಡೆಯಿಂದ ಸಣ್ಣಗೆ ಗಾಳಿ ಎದ್ದು, ಮರಗಳ ತುದಿಯಿಂದ ನೀರು ಉದುರಿತು. ಡ್ರೈವರು ಇಕ್ಕಳವನ್ನು ಜೀಪಿನೊಳಗೆ ಇಡಲು ಕೈ ಚಾಚಿದ. ಟೇಪಣ್ಣ ಕೊಡಲಿಲ್ಲ. ತನ್ನ ಕರವಸ್ತ್ರದಿಂದ ತೋಳು, ಪಟ್ಟಿ, ಹಿಡಿಯುವ ಜಾಗದ ತಗ್ಗು ಎಲ್ಲವನ್ನೂ ಒರೆಸಿದ. ದೂರದಲ್ಲಿ ಅಜ್ಜ ದೊಡ್ಡ ಮರಕ್ಕೆ ಹಣೆ ತಾಗಿಸಿ ನಿಂತಿದ್ದರು. ತೋಪು ಉಳಿದದ್ದು ಅವರಿಗಿನ್ನೂ ಗೊತ್ತಿರಲಿಲ್ಲ. ಹೇಳಲು ಸೊಸೆ ಓಡಬೇಕೆಂದಿದ್ದಳು. ಟೇಪಣ್ಣ ಅವಳನ್ನು ದಾಟಿ ಆ ಕಡೆ ಹೊರಟಿದ್ದನ್ನು ನೋಡಿ ನಿಂತಳು.

ಅವನು ಹೋಗಿ ಅಜ್ಜನ ಪಕ್ಕ ನಿಂತ. ಏನು ಹೇಳಿದನೋ, ಹೇಗೆ ಹೇಳಿದನೋ, ಗಾಳಿಯಲ್ಲಿ ಕೇಳಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ಇಕ್ಕಳವನ್ನು ಎರಡೂ ಕೈಯಲ್ಲಿ ನೀಡಿದ. ಅಜ್ಜ ತೆಗೆದುಕೊಂಡರು.